ಮುದಿಯಪ್ಪನ ಪಾಳಿ

ಎಲ್ಲಕ್ಕೂ ಮೂಲ ಒಂದು ಕೆಂಪು ಕವರಿನ ಫೋನು. ಗಂಗಾವತಿಯ ಹುಡುಗಿ ಶ್ವೇತಾ ಬೆಳ್‌ಬೆಳಿಗ್ಗೆ ಬಂದು ಅದನ್ನು ಮುದಿಯಪ್ಪನ ಅಂಗಡಿಯ ಮೇಜಿನ ಮೇಲೆ ಇಟ್ಟು ಹೋಗದಿದ್ದರೆ ಹನುಮಸಾಗರದ ಸಂತೆ ಅವತ್ತೂ ಎಂದಿನಂತೆ ಮುಗಿಯುತ್ತಿತ್ತು. ಮುದಿಯಪ್ಪನೂ ಎಂದಿನಂತೆ ಮಧ್ಯಾಹ್ನ ಉಂಡು ಕುರ್ಚಿಯಲ್ಲೇ ತೂಕಡಿಸುತ್ತಿದ್ದ.

ಶ್ವೇತಾ ಟವರ್ ಕಂಪನಿಯ ಇಂಜಿನಿಯರು. ಊರಿನ ಹೊಸ ಟವರನ್ನು ಪರೀಕ್ಷಿಸಲು ಬಂದಿದ್ದಳು. ಮುದಿಯಪ್ಪನದು ರೀಚಾರ್ಜು, ಝೆರಾಕ್ಸಿನ ಸಣ್ಣ ಅಂಗಡಿ; ಸಂತೆಯ ಬಯಲಿಗೆ ನೇರ ಎದುರಿಗೆ. ಅದಕ್ಕೇ ಅವನನ್ನು ಹುಡುಕಿಕೊಂಡು ಬಂದಿದ್ದಳು.

"ನೋಡ್ರಿ ಕಾಕಾ, ಇಷ್ಟು ದಿನಾ ಎಲ್ಲಾರೂ ಒಂದ ಹಾದ್ಯಾಗ ನುಗ್ಗತಿದ್ರಿ. ಆಂಬುಲೆನ್ಸಿಗೂ ಅದ ಹಾದಿ, ಹುಡುಗೂರ ರೀಲ್ಸಿಗೂ ಅದ ಹಾದಿ. ಈಗ ಆ ಹಾದೀನ ಪಾಲು ಮಾಡೀವಿ. ದವಾಖಾನಿಗೆ, ಪೊಲೀಸರಿಗೆ ಅಂತ ಒಂದ ಪಾಲು ಮೀಸಲ ಇಟ್ಟೀವಿ. ಹೊಲದ ಪಂಪಿನ ಮಶೀನಿಗೆ ಒಂದ ಪಾಲು. ಉಳಿದದ್ದು ಮಂದಿಗೆಲ್ಲಾ."

"ಮೀಸಲ ಇಟ್ಟದ್ದರಾಗ ಮತ್ತೊಬ್ರು ಕಾಲಿಡಂಗಿಲ್ಲೇನವಾ?"

"ಇಡಂಗಿಲ್ರಿ. ಸಂತ್ಯಾಗ ಎಷ್ಟ ಗದ್ಲ ಇದ್ರೂ ಅದು ಖುಲ್ಲಾ ಇರತೈತಿ. ಖರೇನ ಇರತೈತೋ ಇಲ್ಲೋ ಅಂತ ಇವತ್ತ ನೋಡಬೇಕಾಗೇತಿ. ಒಂದ ಫೋನು ದವಾಖಾನಿ ಸಿಸ್ಟರ್ ಕಡೆ ಕೊಟ್ಟೀನಿ, ಇನ್ನೊಂದು ನಿಮ್ಮ ಕಡೆ ಇಡತೀನಿ. ನಿಮ್ಮದ ಅಂತ ತಿಳ್ಕೊಂಡು ಬಳಸ್ರಿ. ಸಂಜೀಕ ಬಂದು ತಗೊಂಡು ಹೋಗತೀನಿ."

ಇಷ್ಟು ಹೇಳಿ ಅವಳು ಸ್ಕೂಟಿ ಹತ್ತಿ ಹೋದಳು. ಆ ಮೀಸಲು ಪಾಲು ತನ್ನ ಕೈಗೇ ಬಂದಿದೆ ಎನ್ನುವುದರಲ್ಲಿ ಮುದಿಯಪ್ಪನಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಊರಲ್ಲಿ ಅಷ್ಟೊಂದು ಅಂಗಡಿಗಳಿದ್ದೂ ಹುಡುಗಿ ತನ್ನ ಬಾಗಿಲಿಗೆ ಬಂದಳೆಂದರೆ ಸುಮ್ಮನೆ ಬಂದಾಳೆಯೇ?

ಅದೂ ಅಂಥ ದಿನವೇ ಬಂದಿದ್ದಳು. ಮುದಿಯಪ್ಪನ ಒಬ್ಬಳೇ ಮಗಳು ಮೇಘಾ ಗಡಿ ಕಾಯುವ ಪಡೆಯಲ್ಲಿದ್ದಳು, ಈಶಾನ್ಯದ ಬೆಟ್ಟಗಳಲ್ಲಿ ಎಲ್ಲೋ. ವಾರಕ್ಕೊಮ್ಮೆ ಮಧ್ಯಾಹ್ನ ಮೂರಕ್ಕೆ ಅವಳಿಗೆ ಸ್ವಲ್ಪ ಹೊತ್ತು ಫೋನು ಸಿಗುತ್ತಿತ್ತು. ಅದೇ ದಿನ ಹನುಮಸಾಗರದ ಸಂತೆಯೂ. ಸುತ್ತಲಿನ ಹಳ್ಳಿಗಳ ಮಂದಿಯೆಲ್ಲ ಒಂದೊಂದು ಫೋನು ಹಿಡಿದು ಬಂದು ನಿಂತರೆ ನೆಟ್‌ವರ್ಕು ನೆಲ ಕಚ್ಚುತ್ತಿತ್ತು. ಹೀಗಾಗಿ ತಿಂಗಳುಗಟ್ಟಲೆ ಮಗಳ ಅರ್ಧ ಹಣೆ, ಕಲಸಿಹೋದ ಗದ್ದ, ತುಂಡು ತುಂಡಾದ "ಅಪ್ಪಾ... ಕೇಳ್..." ಇಷ್ಟೇ ಅವನಿಗೆ ದಕ್ಕಿದ್ದು. ನಾಳೆ ಅವಳು ಇನ್ನೂ ಮೇಲಿನ ಠಾಣೆಗೆ ಹೋಗುವವಳಿದ್ದಳು. ಅಲ್ಲಿ ಹಿಮ ಕರಗುವವರೆಗೆ ಫೋನಿನ ಮಾತೇ ಇಲ್ಲ. ಇವತ್ತು ಒಮ್ಮೆ ಅವಳ ಮುಖವನ್ನು ಇಡಿಯಾಗಿ, ಕಣ್ತುಂಬ ನೋಡಬೇಕು. ಮುದಿಯಪ್ಪನಿಗೆ ಬೇರೇನೂ ಬೇಕಿರಲಿಲ್ಲ.

ಹೆಂಡತಿ ದ್ರಾಕ್ಷಾಯಿಣಿ ಸುದ್ದಿ ಕೇಳಿದವಳೇ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು. "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಮತ್ತ. ನಿಮಗ ಹೊಟ್ಟ್ಯಾಗ ಒಂದ ಮಾತು ನಿಲ್ಲಂಗಿಲ್ಲ" ಎಂದು ಎಚ್ಚರಿಸಿಯೇ ಅಂಗಡಿಗೆ ಕಳಿಸಿದಳು.

ಮಾತು ನಿಲ್ಲದಿದ್ದರೆ ಅದು ಮುದಿಯಪ್ಪನ ತಪ್ಪಲ್ಲ, ಅಂಗಡಿಯ ತಪ್ಪು. ಆ ಅಂಗಡಿ ಒಂದು ಕಾಲಕ್ಕೆ ಎಸ್‌ಟಿಡಿ ಬೂತಾಗಿತ್ತು. ಹಳದಿ ಬೋರ್ಡು, ಗಾಜಿನ ಬಾಗಿಲು, ಒಳಗೊಂದು ಸಣ್ಣ ಫ್ಯಾನು, ಓಡುವ ಕೆಂಪು ಅಂಕಿಗಳು. ಊರಿಗೆಲ್ಲ ಅದೊಂದೇ ತಂತಿ. ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋದವರೆಲ್ಲ ಅವನ ನಂಬರನ್ನೇ ಪಿಪಿ ನಂಬರು ಅಂತ ಕೊಡುತ್ತಿದ್ದರು. "ಮುದಿಯಪ್ಪಣ್ಣ, ನಮ್ಮವ್ವನ್ನ ಕರಸ್ರಿ, ಮತ್ತ ಮಾಡ್ತೀನಿ" ಅಂತ ಅಲ್ಲಿಂದ ಹೇಳಿದರೆ ಇವನು ಅಂಗಡಿ ಬಿಟ್ಟು ಸೈಕಲ್ ಹತ್ತಿ ಓಡುತ್ತಿದ್ದ. ಅವ್ವಂದಿರು ಹಿಟ್ಟಿನ ಕೈಯಲ್ಲೇ ಬರುತ್ತಿದ್ದರು. ತಂತಿಯ ಮೇಲೆ ಭರವಸೆ ಇಲ್ಲದೆ, ಧ್ವನಿ ಗೋವಾದವರೆಗೆ ತಾನೇ ನಡೆದು ಹೋಗಬೇಕೇನೋ ಎನ್ನುವಂತೆ ಕಿರಚುತ್ತಿದ್ದರು. ಮುದಿಯಪ್ಪ ಮರ್ಯಾದೆಗೆ ಬೆನ್ನು ತಿರುಗಿಸಿ ಕೂರುತ್ತಿದ್ದ; ಕಿವಿ ಮಾತ್ರ ತಿರುಗಿಸುತ್ತಿರಲಿಲ್ಲ.

ಒಂದೇ ತಂತಿಗೆ ಇಡೀ ಊರು ಜೋತು ಬಿದ್ದಾಗ ಕಾಯಿದೆ ಬೇಕಲ್ಲ, ಅದನ್ನೂ ಅವನೇ ಮಾಡಿದ್ದ. ಸಾವಿನ ಸುದ್ದಿಗೆ ಮೊದಲ ಪಾಳಿ. ಆಮೇಲೆ ಹೆರಿಗೆ. ಆಮೇಲೆ ಮದುವೆ ಮಾತುಕತೆ. ಸುಮ್ಮನೆ ಕುಶಲ ಕೇಳುವವರು ಕಡೆಗೆ. ದೇಸಾಯರ ಮನೆಯವರು ಬಂದರೂ ಈ ಕಾಯಿದೆ ಮುರಿಯುತ್ತಿರಲಿಲ್ಲ. ನಂತರ ಎಲ್ಲರ ಕಿಸೆಗೂ ಒಂದೊಂದು ಫೋನು ಬಂತು. ಬೂತಿನ ಗಾಜಿನ ಬಾಗಿಲನ್ನು ಯಾರೋ ಕೋಳಿ ಅಂಗಡಿಗೆಂದು ಕೊಂಡುಹೋದರು. ಅವತ್ತು ಮುದಿಯಪ್ಪನಿಗೆ ಊಟ ಸೇರಲಿಲ್ಲ. ಯಾರೂ ತನಗೆ ಸುದ್ದಿ ಹೇಳದ ಊರಿನಲ್ಲಿ ಬದುಕುವುದು ಅವನಿಗೆ ಇಂದಿಗೂ ಒಗ್ಗಿಲ್ಲ.

ಸಂತೆ ತುಂಬಿತು. ನೆಟ್‌ವರ್ಕು ಸತ್ತಿತು. ಬಯಲಿನ ತುಂಬ ಮಂದಿ ಫೋನನ್ನು ತಲೆಯ ಮೇಲೆ ಹಿಡಿದು, "ಹಲೋ, ಕೇಳಸ್ತೈತೇನ" ಎನ್ನುತ್ತ ಮುಗಿಲಿಗೆ ಮುಖ ಮಾಡಿ ತಿರುಗತೊಡಗಿದರು. ಮುದಿಯಪ್ಪ ಕೆಂಪು ಫೋನಿನಿಂದ ಕುಷ್ಟಗಿಯ ಹೋಲ್‌ಸೇಲ್ ಅಂಗಡಿಗೆ ಒಂದು ಕರೆ ಹಚ್ಚಿ ನೋಡಿದ. ಸುಮಾರು ಹೊತ್ತು ಗೊರಗೊರ ಅಂದು ಹತ್ತಿಬಿಟ್ಟಿತು. ಅದನ್ನು ಎದುರಿಗೇ ಸೊಪ್ಪು ಮಾರುತ್ತಿದ್ದ ದುರಗಮ್ಮ ನೋಡಿಬಿಟ್ಟಳು.

"ಮಾವಾ, ನಿನ್ನ ಫೋನ್ ಹೆಂಗ ಹತ್ತೇತಿ?"

ದ್ರಾಕ್ಷಾಯಿಣಿಯ ಎಚ್ಚರಿಕೆ ಮುದಿಯಪ್ಪನಿಗೆ ನೆನಪಾಯಿತು. ಆದರೆ ಎಷ್ಟೋ ವರ್ಷದ ಮೇಲೆ ಒಬ್ಬರು ಆ ದನಿಯಲ್ಲಿ ಅವನನ್ನು ಕೇಳಿದ್ದರು.

"ಇದು ಮೀಸಲ ಪಾಲಿಂದವಾ" ಎಂದ, ಎದೆ ಉಬ್ಬಿಸಿ. "ಊರಾಗ ಎಲ್ಲಾ ಬಂದ್ ಆದ್ರೂ ಇದು ಬಂದ್ ಆಗಂಗಿಲ್ಲ."

"ಹಂಗಾರ ಲಗೂನ ಕೊಡು. ಮನ್ಯಾಗ ಎಮ್ಮಿ ಈಯಾಕ ತ್ರಾಸ ಮಾಡ್ಕೊಳ್ಳಾಕತ್ತೇತಿ. ದನದ ಡಾಕ್ಟರು ವಿಡಿಯೋದಾಗ ತೋರ್ಸು ಅಂದಾರ."

"ಎಮ್ಮಿದೇನ?"

"ಸಾವು ಬಿಟ್ರ ಹೆರಿಗಿಗೆ ಪಾಳಿ ಅಂತ ನೀನ ಅಂತಿದ್ದಿ. ಎಮ್ಮಿ ಬ್ಯಾಡ ಅಂತ ಯಾವತ್ತ ಅಂದಿದ್ದಿ?"

ಮುದಿಯಪ್ಪ ಯೋಚಿಸಿದ. ಹೌದು, ಹಾಗೆ ಅವನು ಯಾವತ್ತೂ ಅಂದಿರಲಿಲ್ಲ. ಫೋನನ್ನು ಬೇರೆಯವರ ಕೈಗೆ ಕೊಡಲು ಧೈರ್ಯ ಸಾಲದೆ ತಾನೇ ಹಿಡಿದುಕೊಂಡು ಅಂಗಡಿ ಹಿಂದೆಯೇ ಇದ್ದ ಅವಳ ಮನೆಯ ಕೊಟ್ಟಿಗೆಗೆ ನಡೆದ. "ಮಾರಿ ತೋರ್ಸಬ್ಯಾಡ್ರಿ ಯಜಮಾನ್ರ, ಆ ಕಡೆ ಹೋಗ್ರಿ" ಎಂದರು ಡಾಕ್ಟರು, ತಡೆತಡೆದು ಬಂದ ದನಿಯಲ್ಲಿ. ಆ ಕಡೆ ಹೋದಾಗ ಎಮ್ಮೆ ಬಾಲ ಬೀಸಿತು. ಕರು ಸುಸೂತ್ರವಾಗಿ ಬಿತ್ತು, ಬಿಳಿ ಅಂಗಿ ಮಾತ್ರ ಬಿಳಿಯಾಗಿ ಉಳಿಯಲಿಲ್ಲ.

ಅವನು ತಿರುಗಿ ಬರುವಷ್ಟರಲ್ಲಿ ಅಂಗಡಿ ಮುಂದೆ ಪಾಳಿ ಬೆಳೆದಿತ್ತು. ಫೋನು ತೀಡಿ ತೀಡಿ ಬೇಸತ್ತ ಮಂದಿಯೆಲ್ಲ ಅದನ್ನು ಕಿಸೆಗೆ ಇಳಿಬಿಟ್ಟು, ಮುದಿಯಪ್ಪನ ಬೂತು ಮತ್ತೆ ಸುರುವಾಗಿದೆಯಂತೆ ಎನ್ನುತ್ತ ಬಂದು ನಿಂತಿದ್ದರು. ಹಳೆಯ ತಲೆಗಳು ಹೊಸಬರಿಗೆ ಕಾಯಿದೆ ತಿಳಿಸುತ್ತಿದ್ದವು. ಮುದಿಯಪ್ಪನ ಕಣ್ಣು ಹನಿಗೂಡಿತು, ಸುಳ್ಳಲ್ಲ. ಕುರ್ಚಿ ಸರಿಸಿ, ಗಂಟಲು ಸರಿಮಾಡಿಕೊಂಡು, "ಒಬ್ಬೊಬ್ಬರ ಬರ್ರಿ. ಸಾವು ಯಾರ ಮನ್ಯಾಗ ಆಗೇತಿ?" ಎಂದು ಕೇಳಿದ.

"ನಮ್ಮ ಮನ್ಯಾಗ್ರಿ ಕಾಕಾ" ಎಂದು ಕುರಿ ವ್ಯಾಪಾರದ ಹುಲಗಪ್ಪ ಜನರನ್ನು ಸರಿಸಿಕೊಂಡು ಬಂದ. ಹೆಗಲ ಮೇಲಿದ್ದ ಸತ್ತ ಟಗರನ್ನು ಝೆರಾಕ್ಸ್ ಮಶೀನಿನ ಮೇಲೆ ಮಲಗಿಸಿದ. "ವಿಮಾದವರಿಗೆ ಕಿವಿ ಬಿಲ್ಲೆ ತೋರ್ಸಬೇಕ್ರಿ. ತಡಾ ಆದ್ರ ಒಪ್ಪಂಗಿಲ್ಲ ಅಂತಾರ."

"ಏ ಹುಲಗಪ್ಪಾ, ಇದು ಟಗರ ಐತೋ."

"ದುರಗಮ್ಮತ್ತಿ ಎಮ್ಮಿ ಆಗತೈತಿ, ನನ್ನ ಟಗರ ಆಗಂಗಿಲ್ಲೇನ್ರಿ? ಇದನ್ನ ಮರಿ ಇದ್ದಾಗಿಂದ ಬಾಟ್ಲ್ಯಾಗ ಹಾಲ ಕುಡಿಸಿ ಬೆಳಸೀನಿ."

ಹೇಳುತ್ತ ಹೇಳುತ್ತ ಅವನಿಗೆ ನಿಜಕ್ಕೂ ಅಳು ಬಂತು. ಪಾಳಿಯಲ್ಲಿದ್ದವರೆಲ್ಲ ಅಯ್ಯೋ ಪಾಪ ಅಂದರು. ಮುದಿಯಪ್ಪನೇ ಬಗ್ಗಿ, ಟಗರಿನ ಕಿವಿ ಎತ್ತಿ ಹಿಡಿದು, ವಿಮೆಯವನಿಗೆ ತೋರಿಸಿದ. ಚಿತ್ರ ಗಾಜಿನಂತೆ ನಿಚ್ಚಳವಾಗಿತ್ತು. ಪಾಳಿ ಬೆಳೆದಷ್ಟೂ ಫೋನು ಚುರುಕಾಗುತ್ತಿದೆಯಲ್ಲ ಎಂದು ಅವನಿಗೆ ಸೋಜಿಗವಾಯಿತು. ಮೀಸಲು ಎಂದರೆ ಮೀಸಲು, ಎಂದು ತಾನೇ ತಲೆದೂಗಿದ.

ಆಮೇಲೆ ಆಟೊದಲ್ಲಿ ಮೈಕು ಕಟ್ಟಿ ಚಾದರ ಮಾರುವ ಯಮನೂರ ಬಂದ. ತಮ್ಮನ ಲಗ್ನದ ಮಾತು ಮುಗಿಸಿದ. ಇನ್ನೂ ಯಾರು ಯಾರೋ ಬಂದರು. ಒಬ್ಬರ ಮಾತು ಮುಗಿಯುವವರೆಗೆ ಮುಂದಿನವರು ಕಾಯುತ್ತಿದ್ದರು, ಕಾಯುತ್ತ ಒಬ್ಬರ ಸಂಸಾರ ಒಬ್ಬರು ಕೇಳುತ್ತಿದ್ದರು. ಮನೆ ಮಗ್ಗುಲಲ್ಲೇ ಇದ್ದೂ ಮಾತು ಬಿಟ್ಟಿದ್ದವರು ಅಲ್ಲಿ ಬಿಸಿಲಲ್ಲಿ ನಿಂತು ಒಂದೇ ಮಿರ್ಚಿ ಹರಿದು ತಿಂದರು.

ಕಡೆಗೆ ಸೈದಾನಬಿ ಬಂದಳು. ಬೂತಿನ ಕಾಲದಲ್ಲೂ ಆಕೆ ಯಾವಾಗಲೂ ಕಡೆಗೇ ನಿಲ್ಲುತ್ತಿದ್ದಳು. ಈಗ ಬೆನ್ನು ಬಾಗಿತ್ತು.

"ನಮ್ಮಲ್ಲಿ ಯಾರೂ ಸತ್ತಿಲ್ಲ ಮುದಿಯಪ್ಪಾ, ಯಾರೂ ಹಡದಿಲ್ಲ. ಯಲಬುರ್ಗಾದಾಗ ತಂಗಿ ಅದಾಳಲ್ಲ, ಆಕಿ ಜೋಡಿ ಸುಮ್ಮ ಮಾತಾಡಬೇಕು. ಪಾಳಿ ಇಲ್ಲಂದ್ರ ಹೋಗತೀನಿ."

ಗೋಡೆಯ ಗಡಿಯಾರ ಮೂರರ ಹತ್ತಿರ ಬಂದಿತ್ತು. ಮುದಿಯಪ್ಪ ಅದನ್ನೊಮ್ಮೆ, ಆಕೆಯ ಮುಖವನ್ನೊಮ್ಮೆ ನೋಡಿ, "ಮಾತಾಡವ್ವಾ" ಅಂದ. ಅಕ್ಕ ತಂಗಿ ಯಾವುದೋ ಬಾವಿಕಟ್ಟೆಯ ಮೇಲೆ ಬಿಟ್ಟುಬಂದ ಚಪ್ಪಲಿಯ ಕತೆ ತೆಗೆದು, ಹಲ್ಲಿಲ್ಲದ ಬಾಯಲ್ಲಿ ನಕ್ಕಿದ್ದೇ ನಕ್ಕಿದ್ದು. ಮುದಿಯಪ್ಪ ಹಳೆಯ ರೂಢಿಯಂತೆ ಬೆನ್ನು ತಿರುಗಿಸಿ ಕೂತು ಒಬ್ಬನೇ ನಕ್ಕ. ಇಂಥ ದಿನ ಮತ್ತೆ ಬರುತ್ತದೆಂದು ಅವನು ಅಂದುಕೊಂಡಿರಲಿಲ್ಲ.

ಅಷ್ಟರಲ್ಲಿ ದ್ರಾಕ್ಷಾಯಿಣಿ ಇಳಕಲ್ ಸೀರೆ ಉಟ್ಟು, ತಲೆಗೆ ಹೂ ಮುಡಿದು ಬಂದು ನಿಂತಳು. ಪಾಳಿ ನೋಡಿದಳು, ಗಂಡನ ಅಂಗಿ ನೋಡಿದಳು, ಮಶೀನಿನ ಮೇಲಿನ ಟಗರು ನೋಡಿದಳು.

"ಮೂರಾತು" ಎಂದಳು. ಅಷ್ಟೇ ಅಂದದ್ದು.

"ಇಗಾ ಬಂದೆ. ಇನ್ನ ನಮ್ಮದೊಂದ ಪಾಳಿ..."

"ಅದು ಸುಮ್ಮನ ಕುಶಲದ ಮಾತ ಆತಲ್ರಿ ಕಾಕಾ" ಎಂದು ಹುಲಗಪ್ಪ ಅಡ್ಡ ಬಾಯಿ ಹಾಕಿದ. "ಕಾಯ್ದೆ ಪ್ರಕಾರ ಕಡೀಕ ಬರತೈತಿ. ಹಿಂದ ಈಗಷ್ಟ ಲಗ್ನದವರು ಬಂದು ನಿಂತಾರ."

ದ್ರಾಕ್ಷಾಯಿಣಿ ಅವನ ಕಡೆ ತಿರುಗಿದಳು. ಮುಂದೆ ಯಾರಿಗೂ ಕಾಯಿದೆ ಹೇಳುವ ಧೈರ್ಯ ಬರಲಿಲ್ಲ. "ಬೂತು ಬಂದ್ ಆತು, ಎಲ್ಲಾರೂ ನಡೀರಿ" ಎಂದು ಮುದಿಯಪ್ಪ ಕೈ ಮುಗಿದ. ಮಂದಿ ಗೊಣಗುತ್ತ ಸಂತೆಗೆ ಇಳಿದರು. ಇಳಿಯುತ್ತಲೇ ಒಬ್ಬೊಬ್ಬರೂ ಕಿಸೆಗೆ ಕೈ ಹಾಕಿದರು.

ಗಂಡಹೆಂಡತಿ ಮೇಜಿನ ಮುಂದೆ ಒತ್ತಿ ಕೂತರು. ಮುದಿಯಪ್ಪ ಕರೆ ಹಚ್ಚಿದ. ಪರದೆಯ ಮೇಲೆ ಸಣ್ಣ ಚಕ್ರ ತಿರುಗತೊಡಗಿತು. ಒಮ್ಮೆ ಟೋಪಿಯ ತುದಿ ಕಂಡಿತು. "ಅಪ್..." ಎಂದಿತು. ಮತ್ತೆ ಚಕ್ರ.

"ಮೀಸಲ ಪಾಲಂತ" ಎಂದಳು ದ್ರಾಕ್ಷಾಯಿಣಿ.

ಮುದಿಯಪ್ಪ ಫೋನನ್ನು ಬಾಗಿಲಿಗೆ ಹಿಡಿದ, ಕಿಡಕಿಗೆ ಹಿಡಿದ, ಕಡೆಗೆ ಸ್ಟೂಲು ಹತ್ತಿ ಸೂರಿಗೆ ಹಿಡಿದ. ಚಕ್ರ ತಿರುಗುತ್ತಲೇ ಇತ್ತು. ಅವನು ಸ್ಟೂಲಿನ ಮೇಲಿರುವಾಗಲೇ ಶ್ವೇತಾಳ ಸ್ಕೂಟಿ ಬಂದು ನಿಂತಿತು. ಅವನು ಮೇಲಿನಿಂದಲೇ ಅವಳ ಮೇಲೆ ಹರಿಹಾಯ್ದ.

"ಏನವಾ, ಮೀಸಲ ಅಂದಿ, ಯಾರೂ ಕಾಲಿಡಂಗಿಲ್ಲ ಅಂದಿ. ಮುಂಜಾನಿಯಿಂದ ಓಡಿದ್ದು ನನ್ನ ಪಾಳಿ ಬಂದಾಗ ಯಾಕ ಕೈ ಕೊಡತೈತಿ?"

ಶ್ವೇತಾ ಕಣ್ಣು ಅಗಲಿಸಿದಳು. "ಕಾಕಾ, ಮೀಸಲದ್ದು ದವಾಖಾನಿ ಸಿಸ್ಟರ್ ಕಡೆ ಐತ್ರಿ. ಇದು ಮಂದೀ ಪಾಲಿಂದು. ಎರಡೂ ತಾಳೆ ಹಾಕಿ ನೋಡಾಕ ಇಟ್ಟಿದ್ದೆ. ಮೊದಲ ಹೇಳಿದ್ರ ನೀವು ಇದನ್ನ ಮುಟ್ಟತಿದ್ದಿಲ್ಲ."

"ಮತ್ತ ಎಮ್ಮಿ ಈದದ್ದು? ಟಗರ ಕಿವಿ ಕಂಡದ್ದು?"

ಸಂತೆಯ ಗದ್ದಲದಲ್ಲೂ ಮಂದಿಯ ಪಾಲು ಅಷ್ಟು ಸಲೀಸಾಗಿ ಓಡಿದ್ದು ಹೇಗೆಂದು ಅವಳಿಗೂ ತಿಳಿಯದೆ, ಅದನ್ನು ನೋಡಲೆಂದೇ ಸಂಜೆಗೆ ಮೊದಲೇ ಓಡಿ ಬಂದಿದ್ದಳು. ಲ್ಯಾಪ್‌ಟಾಪ್ ತೆಗೆದು, ಬೆಳಗಿನಿಂದ ನಡೆದದ್ದನ್ನು ಒಂದೊಂದಾಗಿ ಕೇಳಿ, ಕಡೆಗೆ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದುಕೊಂಡಳು. "ಸಂತಿ ಮಂದಿ ಎಲ್ಲಾ ತಮ್ಮ ಫೋನ್ ಕಿಸೇದಾಗ ಇಟ್ಟು ನಿಮ್ಮ ಪಾಳ್ಯಾಗ ನಿಂತಿದ್ರಲ್ರಿ, ಅದಕ್ಕ ಹಾದಿ ಖುಲ್ಲಾ ಆಗಿತ್ತು. ಈಗ ನೀವ ಅವರನ್ನೆಲ್ಲಾ ಬಿಟ್ರಿ. ಎಲ್ಲಾರೂ ಕೂಡೇ ಫೋನ್ ತಗದ್ರು."

ಮುದಿಯಪ್ಪ ಸ್ಟೂಲಿನಿಂದ ಇಳಿದ. "ಸಿಸ್ಟರ್ ಕಡೆ ಇರೋದನ್ನ ತರಬಹುದಿಲ್ಲೇನವಾ?"

"ಅಲ್ಲಿ ಒಬ್ರಿಗೆ ಎದಿ ನೋವಂತ ಕೊಪ್ಪಳದ ಡಾಕ್ಟರಿಗೆ ತೋರ್ಸಾಕತ್ತಾರ್ರಿ."

ಹಾಗಿದ್ದ ಮೇಲೆ ಅದನ್ನು ಕೊಡಿಸೆಂದು ಕೇಳುವ ಮನುಷ್ಯನಲ್ಲ ಮುದಿಯಪ್ಪ. ಎಷ್ಟೆಂದರೂ ಕಾಯಿದೆ ಮಾಡಿದವನು. ಆದರೆ ಮೇಘಾಳ ಹೊತ್ತು ಕರಗುತ್ತಿತ್ತು. ದ್ರಾಕ್ಷಾಯಿಣಿ ಹೂ ಮುಡಿದ ತಲೆ ತಗ್ಗಿಸಿ ಕೂತಿದ್ದಳು. ಅದನ್ನು ನೋಡಲಾಗದೆ ಅವನು ಅಂಗಡಿಯಿಂದ ಹೊರಬಿದ್ದು, ಧೋತರ ಎತ್ತಿಕಟ್ಟಿ, ಸಂತೆಯ ನಡುವೆ ಓಡಿ ಯಮನೂರನ ಮೈಕು ಕಸಿದುಕೊಂಡ.

"ಕೇಳ್ರಪಾ, ಕೇಳ್ರವಾ. ನಾನು ಬೂತಿನ ಮುದಿಯಪ್ಪ. ನನ್ನ ಮಗಳು ಮೇಘಾ ನಾಳೆ ಬೆಟ್ಟದ ಮ್ಯಾಲೆ ಹೋಗತಾಳ, ಅಲ್ಲಿ ಫೋನ್ ಇಲ್ಲ. ಆಕಿ ಮಾರಿ ಒಂದ ಸಲ ನೋಡಬೇಕು. ನೀವೆಲ್ಲಾ ಜರಾ ಹೊತ್ತು ಫೋನ್ ಬಂದ್ ಮಾಡ್ರಿ. ನಿಮ್ಮ ಕಾಲ ಬೀಳತೀನಿ."

ಮೊದಲು ದುರಗಮ್ಮ ಸೊಪ್ಪಿನ ಪುಟ್ಟಿ ಬರಿದು ಮಾಡಿ, ತನ್ನ ಫೋನು ಬಂದ್ ಮಾಡಿ ಅದರಲ್ಲಿ ಹಾಕಿದಳು. ಪುಟ್ಟಿ ಹಿಡಿದು ಸಾಲು ಸಾಲು ತಿರುಗಿದಳು. ಹುಲಗಪ್ಪ ಹಾಕಿದ, ಬಳೆಗಾರರು ಹಾಕಿದರು, ಮಿರ್ಚಿಯವನು ಎಣ್ಣೆ ಕೈಯಲ್ಲೇ ಹಾಕಿದ. ಪುಟ್ಟಿ ತುಂಬಿತು. ನಮ್ಮೂರ ಹುಡುಗಿಯಂತೆ, ಗಡಿ ಕಾಯುತ್ತಾಳಂತೆ ಎನ್ನುತ್ತ ಇಡೀ ಸಂತೆ ಪುಟ್ಟಿಯ ಹಿಂದೆ ಅಂಗಡಿಗೆ ಬಂತು.

ಮುದಿಯಪ್ಪ ಮತ್ತೆ ಕರೆ ಹಚ್ಚಿದ. ಚಕ್ರ ಒಂದೇ ಒಂದು ಸುತ್ತು ತಿರುಗಿತು. ಅವನು ಕನ್ನಡಕ ಮೂಗಿಗೆ ಏರಿಸಿಕೊಳ್ಳುವಷ್ಟರಲ್ಲಿ "ಅಪ್ಪಾ" ಎಂಬ ತುಂಬು ಧ್ವನಿ ಅಂಗಡಿಯ ತುಂಬ ಕೇಳಿತು.

"ಬಂದ್ಲು, ಬಂದ್ಲು" ಎಂದು ಹಿಂದಿನವರೆಲ್ಲ ಮುಂದೆ ನುಗ್ಗಿದರು. "ನಮಗೂ ತೋರ್ಸೋ ಮುದಿಯಪ್ಪಾ." ಫೋನು ಕೊಟ್ಟವರ ಮಾತನ್ನು ಹೇಗೆ ತೆಗೆದುಹಾಕುವುದು? ಮುದಿಯಪ್ಪ ಕೈ ಚಾಚಿ ಫೋನನ್ನು ಅವರ ಕಡೆ ತಿರುಗಿಸಿ ಹಿಡಿದ. ಒಂದು ಕ್ಷಣ ಎಲ್ಲರಿಗೂ ತೋರಿಸಿದರೆ ಆಯಿತು, ಆಮೇಲೆ ತಾನು ನೆಮ್ಮದಿಯಾಗಿ ನೋಡಿದರಾಯಿತು ಎಂದುಕೊಂಡ. ದ್ರಾಕ್ಷಾಯಿಣಿ ಆ ಕಡೆ ಹೋಗಿ ಎಲ್ಲರಿಗಿಂತ ಮುಂದೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸೈದಾನಬಿ ಪರದೆಯ ಮುಂದೆ ಕೈಯಾಡಿಸಿ ದೃಷ್ಟಿ ತೆಗೆದಳು. ದುರಗಮ್ಮ ಎಮ್ಮೆ ಈದ ಸುದ್ದಿ ಹೇಳಿದಳು.

"ಹೆಣ್ಣುಗರೇನ ದುರಗಮ್ಮತ್ತಿ? ನನ್ನ ಹೆಸರಿಡು ಮತ್ತ" ಎಂದು ಮೇಘಾ ನಗುವುದು ಕೇಳಿಸಿತು. ಹುಲಗಪ್ಪ ಅಲ್ಲಿ ಕುರಿ ಹೆಂಗಿರತಾವ ಎಂದು ವಿಚಾರಿಸಿದ. ಚಾದರ ಬೆಚ್ಚಗಿದ್ದಾವೇನ ತಂಗಿ ಅಂದ ಯಮನೂರ. ಒಬ್ಬರ ಹಿಂದೆ ಒಬ್ಬರು, ತಳ್ಳಾಟವಿಲ್ಲದೆ, ಪಾಳಿಯಲ್ಲೇ ಬಂದರು. ಎಲ್ಲರಿಗೂ ಒಂದೊಂದು ಮಾತು ಇತ್ತು. ಮುದಿಯಪ್ಪನ ಮುಂಗೈ ಜೋಮು ಹಿಡಿಯಿತು. ಅವನ ಕಣ್ಣ ಮುಂದೆ ಇದ್ದದ್ದು ಫೋನಿನ ಕೆಂಪು ಬೆನ್ನು.

"ಅಪ್ಪ ಎಲ್ಲಿ? ಅಪ್ಪ ಕಾಣಾಕತ್ತಿಲ್ಲ" ಎಂದಳು ಮೇಘಾ.

"ಫೋನ್ ಹಿಡ್ಕೊಂಡು ನಿಂತಾರವಾ" ಎಂದರು ಎಲ್ಲರೂ ಒಟ್ಟಿಗೆ.

"ಅಪ್ಪಾ, ಈ ಕಡೆ ಬಾ. ಲಗೂ ಬಾ, ಸೀಟಿ ಊದಾಕತ್ತಾರ."

ಮುದಿಯಪ್ಪ ಅವಸರದಿಂದ ಫೋನು ತನ್ನ ಕಡೆ ತಿರುಗಿಸಿದ. ಪರದೆ ಕಪ್ಪಾಗಿತ್ತು. ಅದರಲ್ಲಿ ಅವನದೇ ಮುಖ, ಸಗಣಿ ಹತ್ತಿದ ಅಂಗಿ, ಹಿಂದೆ ಸೂರು ಕಂಡವು.

ಮಂದಿ ಪುಟ್ಟಿಯಿಂದ ತಮ್ಮ ತಮ್ಮ ಫೋನು ಹೆಕ್ಕಿಕೊಂಡು, ಖುಷಿಯಿಂದ ಹೊರಟರು. "ಭಾಳ ಸೊರಗ್ಯಾಳ" ಎಂದಳು ದುರಗಮ್ಮ. "ಎಲ್ಲಿ ಸೊರಗ್ಯಾಳ, ಮೈ ಕೈ ತುಂಬ್ಯಾಳ" ಎಂದ ಹುಲಗಪ್ಪ. ಕೂದಲು ಕತ್ತರಿಸಿದ್ದಾಳೋ, ಟೋಪಿಯೊಳಗೆ ಕಟ್ಟಿದ್ದಾಳೋ ಎಂದು ಇನ್ನಿಬ್ಬರು ವಾದ ಮಾಡುತ್ತ ಬೀದಿಗಿಳಿದರು. ದ್ರಾಕ್ಷಾಯಿಣಿಯ ಮುಖ ದೀಪ ಹಚ್ಚಿಟ್ಟ ಹಾಗಿತ್ತು. ತಾನು ಮಗಳ ಮುಖ ನೋಡಲೇ ಇಲ್ಲವೆಂದು ಅವಳಿಗೆ ಹೇಳಲು ಮನಸ್ಸಾಗದೆ ಮುದಿಯಪ್ಪ ಕೆಂಪು ಫೋನನ್ನು ಮೇಜಿನ ಮೇಲೆ ಇಟ್ಟ.

ಶ್ವೇತಾ ಮೂಲೆಯಲ್ಲಿ ಲ್ಯಾಪ್‌ಟಾಪಿನ ಮೇಲೆ ಬಗ್ಗಿದ್ದಳು. "ಕಾಕಾ, ಇಷ್ಟ ಹೊತ್ತಿನ್ಯಾಗ ಒಂದ ಸಲಾನೂ ಕಡೀಲಿಲ್ಲ ನೋಡ್ರಿ. ಚಿತ್ರ ಒಂದ ಚೂರೂ ಒಡೀಲಿಲ್ಲ. ಇಂಥಾ ಕರೆ ನಾ ಇಡೀ ಜಿಲ್ಲಾದಾಗ ಕಂಡಿಲ್ಲ."

"ಹೌದೇನವಾ?" ಎಂದು ಮುದಿಯಪ್ಪ ಸ್ಟೂಲು ಎಳೆದುಕೊಂಡು ಅವಳ ಹತ್ತಿರ ಕೂತ. ಹೆಂಡತಿಗೆ ಕೇಳಿಸದಂತೆ ದನಿ ಇಳಿಸಿದ. "ನೀನೂ ಆ ಕಡೇನ ನಿಂತಿದ್ದ್ಯಲ್ಲಾ. ಹೆಂಗ ಕಾಣ್ತಿದ್ಲು ನಮ್ಮ ಹುಡುಗಿ?"